ಕಾಳಿನ ಕಟ್ಟೆಗೆ ಗೌರಾಬಾಯಿಯ ಹೆಸರು ಬೇಡ

ಮಾನ್ಯ ಅಧ್ಯಕ್ಷರೇ,

ಅಲ್ಲ, ಪಿಂಡವನ್ನು ಕಾಗೆ ಮುಟ್ಟಿದ್ದನ್ನು ನಾನು ಯಾವಾಗ ಅಲ್ಲಗಳೆದೆ? ನಿನ್ನೆ ಫೋನಿನಲ್ಲಿ ನೀವು ಮತ್ತೆ ಮತ್ತೆ ಅದನ್ನೇ ಹೇಳಿದಿರಿ. “ಕಾಗಿ ಮುಟ್ಟಿದ್ದು ನೀವೂ ನೋಡೀರಲ್ರಿ ಹಣಮಂತ್ರಾಯರ, ಇನ್ನೇನು ಬೇಕು” ಎಂದಿರಿ. ಆಮೇಲೆ ಯಾವುದೋ ಸಭೆಗೆ ಹೊತ್ತಾಯಿತೆಂದು ಫೋನ್ ಇಟ್ಟುಬಿಟ್ಟಿರಿ. ನನ್ನ ಮಾತು ಬಾಯಲ್ಲೇ ಉಳಿಯಿತು. ಉಳಿದದ್ದನ್ನು ಇವತ್ತು ಮುಂದುವರಿಸುತ್ತಿದ್ದೇನೆ, ಆದರೆ ಫೋನಿನಲ್ಲಲ್ಲ, ನಾಲ್ಕು ಜನ ಓದುವ ಈ ಪತ್ರಿಕೆಯಲ್ಲಿ. ವಿಷಯ ಒಂದೇ. ಬರುವ ಭಾನುವಾರ, ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬುವ ದಿನ, ನಮ್ಮ ಓಣಿಯ ಉದ್ಯಾನದ ಮೂಲೆಯಲ್ಲಿ ನಿಮ್ಮ ಪಕ್ಷಿ ರಕ್ಷಣಾ ಸಂಸ್ಥೆ ಹಕ್ಕಿಗಳಿಗೆ ಕಾಳು ಹಾಕುವ ಕಟ್ಟೆಯನ್ನು ಉದ್ಘಾಟಿಸಲಿದೆ. ಅದರ ಮೇಲೆ ‘ಗೌರಾಬಾಯಿ ಸ್ಮರಣಾರ್ಥ’ ಎಂದು ಕಲ್ಲು ಕೆತ್ತಿಸಿ ಇಟ್ಟಿದ್ದೀರಿ. ಹಕ್ಕಿಗಳೆಂದು ನೀವು ಬರೆದಿದ್ದರೂ ಅಲ್ಲಿಗೆ ಬರುವವು ಪಾರಿವಾಳಗಳೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಕಟ್ಟೆ ಬೇಡ. ಅವಳ ಹೆಸರಂತೂ ಬೇಡವೇ ಬೇಡ. ಗೌರಾಬಾಯಿ ಸತ್ತದ್ದು ಪಾರಿವಾಳಗಳಿಂದ.

ನಾನು ಯಾರೆಂದು ಓದುವವರಿಗೆ ಹೇಳಬೇಕು. ಊರು ಇಂಡಿ ತಾಲೂಕಿನ ಕಡೆ. ಪುಣೆ ಕ್ಯಾಂಪಿನ ಒಂದು ಬಟ್ಟೆ ಅಂಗಡಿಯಲ್ಲಿ ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿದವನು. ಅದಕ್ಕೂ ಮೊದಲು ವಿಜಾಪುರದಲ್ಲಿ ಎರಡು ವರ್ಷ ಕಾಲೇಜು ಕಂಡಿದ್ದೆ. ಆಗಿನ ಇಂಗ್ಲಿಷು ಇನ್ನೂ ಅರ್ಧಮರ್ಧ ನಾಲಿಗೆಯ ಮೇಲಿದೆ. ಈ ಪತ್ರವನ್ನೂ ಮೊದಲು ‘ದಿ ಅಂಡರ್‌ಸೈನ್ಡ್ ಬೆಗ್ಸ್ ಟು ಸ್ಟೇಟ್’ ಎಂದೇ ಶುರುಮಾಡಿದ್ದೆ. ಮುಂದಿನ ವಾಕ್ಯ ನೆನಪಿಗೆ ಬರಲಿಲ್ಲ. ಬೇಡುವವನು ಏನು ಬೇಡಬೇಕೆಂಬುದನ್ನು ನಮ್ಮ ಪ್ರೊಫೆಸರರು ಕಲಿಸುವಷ್ಟರಲ್ಲಿ ಬೇಸಿಗೆ ರಜೆ ಬಂದಿತ್ತೇನೋ. ಮರಾಠಿಯಲ್ಲಿ ಬರೆಯಬಹುದಿತ್ತು, ನಿಮ್ಮ ಸಮಿತಿಯ ಬಹುಪಾಲು ಜನ ಅದನ್ನೇ ಓದುತ್ತಾರೆ. ಆದರೆ ನೀವು ಧಾರವಾಡದ ಕಡೆಯವರು, ಅವಳ ಹತ್ತನೆಯ ದಿನ ನದಿಯ ಘಾಟಿನಲ್ಲಿ ನಿಂತು ಈ ಕಟ್ಟೆಯ ಮಾತು ಕೊಟ್ಟದ್ದು ಕನ್ನಡದಲ್ಲಿ. ಕನ್ನಡದಲ್ಲಿ ಕೊಟ್ಟ ಮಾತನ್ನು ಕನ್ನಡದಲ್ಲೇ ಹಿಂದಿರುಗಿಸುವುದು ನ್ಯಾಯ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ನಿಮ್ಮ ಸಂಸ್ಥೆಯನ್ನು ದ್ವೇಷಿಸುವುದು ನನ್ನಿಂದ ಆಗುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕು ರೆಕ್ಕೆ ಕೊಯ್ದುಕೊಂಡ ಹದ್ದುಗಳನ್ನು ನಿಮ್ಮವರು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕೂಸನ್ನು ಒಯ್ಯುವ ಹಾಗೆ ಎದೆಗವಚಿಕೊಂಡು ಸ್ಕೂಟರಿನ ಹಿಂದೆ ಕೂತು ಹೋಗುವುದನ್ನು ಕಂಡಿದ್ದೇನೆ. ಮಗಳು ರೇಣುವಿನ ಮದುವೆಯಾಗಿ ಅವಳು ಸೊಲ್ಲಾಪುರಕ್ಕೆ ಹೋದ ಮೇಲೆ ಗೌರಾ ಬಹಳ ಮಂಕಾಗಿದ್ದಳು. ಆಗ ಯಾರೋ ಅವಳನ್ನು ನಿಮ್ಮ ಭಾನುವಾರದ ನಡಿಗೆಗೆ ಕಾತ್ರಜದ ಕೆರೆಯ ಕಡೆ ಕರೆದುಕೊಂಡು ಹೋದರು. ಅಂದು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

“ಕೇಳ್ರಿ ಇಲ್ಲಿ. ಒಂದು ನೀಲಿ ಹಕ್ಕಿ, ಯಾರೋ ಮ್ಯಾಲಿಂದ ಕಲ್ಲು ಒಗದಂಗ ನೀರಾಗ ಬಿತ್ತು. ಸತ್ತೇ ಹೋತು ಅಂದ್ಕೊಂಡೆ. ಎದ್ದು ಬಂತ್ರಿ, ಬಾಯಾಗ ಮೀನು.”

“ಮಿಂಚುಳ್ಳಿ ಅದು” ಎಂದೆ.

“ನಿಮಗ ಗೊತ್ತಿತ್ತು? ಮತ್ತ ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲ?”

ಮದುವೆಯಾದಾಗಿನಿಂದ ಒಲೆಯನ್ನೂ ಹೊಸ್ತಿಲನ್ನೂ ನೋಡುತ್ತ ಬಂದ ಕಣ್ಣು ತಲೆ ಎತ್ತಿ ಮರ ನೋಡಲು ಕಲಿತದ್ದು ನಿಮ್ಮಿಂದ. ಆ ಋಣ ನನ್ನ ಮೇಲಿದೆ, ಅದನ್ನು ಇಲ್ಲ ಎನ್ನುವುದಿಲ್ಲ. ಋಣ ಇದೆ ಎಂದೇ ಇಷ್ಟು ದಿನ ಸುಮ್ಮನಿದ್ದೆ. ಸೈಲೆನ್ಸ್ ಈಸ್ ಹಾಫ್ ಕನ್ಸೆಂಟ್ ಅಂತಲೋ ಫುಲ್ ಕನ್ಸೆಂಟ್ ಅಂತಲೋ ಕಾಲೇಜಿನಲ್ಲಿ ಕಲಿತಿದ್ದೆ. ಅರ್ಧವೋ ಪೂರ್ತಿಯೋ, ನಿಮ್ಮ ಸಮಿತಿ ಅದನ್ನು ಪೂರ್ತಿ ಎಂದೇ ಬರೆದುಕೊಂಡಿತು.

ಎಲ್ಲಿದ್ದೆ? ಹಾಂ, ಪಾರಿವಾಳಗಳು ಹೇಗೆ ಬಂದವೆಂಬುದು. ಒಂದು ಮಾರ್ಚ್ ತಿಂಗಳು ನಿಮ್ಮ ಸಂಸ್ಥೆ ‘ಗುಬ್ಬಿಗೊಂದು ಹಿಡಿ ಕಾಳು’ ಎಂಬ ಅಭಿಯಾನ ಹೂಡಿತು. ಮೂರು ದಾರ ಕಟ್ಟಿದ ಮಣ್ಣಿನ ಬಟ್ಟಲು, ಜೊತೆಗೆ ಸಜ್ಜೆ ಮತ್ತು ಜೋಳದ ಪೊಟ್ಟಣ. ಪೊಟ್ಟಣದ ಮೇಲೆ ನಿಮ್ಮ ಉಪಾಧ್ಯಕ್ಷರ ಕಾಳಿನ ಅಂಗಡಿಯ ಹೆಸರು. ಅದರಲ್ಲಿ ನಾನು ಯಾವ ಅರ್ಥವನ್ನೂ ಹುಡುಕುವುದಿಲ್ಲ. ಇಂಥದ್ದಕ್ಕೆ ಕಾಲೇಜಿನಲ್ಲಿ ಒಂದು ಒಳ್ಳೆಯ ಶಬ್ದ ಕಲಿಸಿದ್ದರು, ಕೋಇನ್ಸಿಡೆನ್ಸ್. ಗೌರಾ ನಮ್ಮ ಕಟ್ಟಡದ ಮನೆಮನೆಗೂ ಹತ್ತಿ ಇಳಿದು ಬಟ್ಟಲು ಹಂಚಿದಳು. ಗುಬ್ಬಿಗಳು ಬಂದವು, ಸುಳ್ಳು ಹೇಳಬಾರದು. ಒಂದು ಮಳೆಗಾಲ ಪೂರ್ತಿ ಬಂದವು. ಆಮೇಲೆ ಪಾರಿವಾಳಗಳಿಗೆ ಸುದ್ದಿ ಮುಟ್ಟಿತು. ಪಾರಿವಾಳ ಕೂತ ಬಟ್ಟಲಿಗೆ ಗುಬ್ಬಿ ಬರುತ್ತದೆಯೇ? ಇದನ್ನು ತಿಳಿಯಲು ಪಕ್ಷಿಶಾಸ್ತ್ರ ಬೇಡ, ರೇಷನ್ ಅಂಗಡಿಯ ಮುಂದೆ ಒಂದು ಸಲ ನಿಂತರೆ ಸಾಕು.

ಮಗರಪಟ್ಟಾದ ಎತ್ತರದ ಗೋಪುರಗಳ ಹಿಂದೆ ಇರುವ ನಮ್ಮಂಥ ಹಳೆಯ ಕಟ್ಟಡಗಳಲ್ಲಿ ಬಚ್ಚಲುಮನೆಗಳ ಬೆನ್ನಿಗೆ ಡಕ್ಟ್ ಎಂಬ ಒಂದು ಕತ್ತಲೆಯ ಕೊರಕಲು ಇರುತ್ತದೆ. ನೆಲದಿಂದ ತಾರಸಿಯ ಗಚ್ಚಿಯವರೆಗೆ ನೀರಿನ ಪೈಪುಗಳು ಓಡುವ ಜಾಗ. ಪಾರಿವಾಳಗಳಿಗೆ ಹಗಲು ನಮ್ಮ ಬಾಲ್ಕನಿಯಲ್ಲಿ ಊಟ, ಸಂಜೆ ನಮ್ಮ ಡಕ್ಟಿನಲ್ಲಿ ವಸತಿ. ಹಿಕ್ಕೆ ಪದರು ಪದರಾಗಿ ಪೈಪಿನ ಮೇಲೆ ಕೂತಿತು. ಬಚ್ಚಲ ಜಾಲರಿಯಿಂದ ಪುಕ್ಕದ ಪುಡಿ ಒಳಗೆ ಬಂದು ಬಿಸಿಲುಕೋಲಿನಲ್ಲಿ ತೇಲುತ್ತಿತ್ತು. ನಾನು ಪೊರಕೆ ಎತ್ತಿದರೆ ಗೌರಾ ತಡೆಯುತ್ತಿದ್ದಳು.

“ಹುಶ್ ಅನ್ನಬ್ಯಾಡ್ರಿ. ಅವೂ ಹಕ್ಕೀನ.”

“ಹಕ್ಕಿ ಅಲ್ಲ ಗೌರಾ, ಬೀಗರು. ಒಮ್ಮೆ ಬಂದ್ರ ಹೋಗೂದಿಲ್ಲ.”

“ಹೌದ್ಹೌದು, ನಿಮ್ಮ ಕಡಿ ಬೀಗರ ಹಂಗ” ಎಂದು ನಕ್ಕಳು. ನಗುವಾಗಲೇ ಕೆಮ್ಮು ಬಂತು. ಅದೇ ಮೊದಲ ಸಲವೋ ಏನೋ, ನನಗೆ ನೆನಪಿರುವುದು ಅದು.

ಕೆಮ್ಮಿಗೆ ನಮ್ಮಲ್ಲಿ ಮದ್ದು ಹೇಳದವರು ಯಾರು? ಹಿಪ್ಪಲಿ ಆಯಿತು, ಜೇಷ್ಠಮಧು ಆಯಿತು, ಅರಿಶಿನದ ಹಾಲು ಆಯಿತು. ಒಬ್ಬ ಡಾಕ್ಟರು ದಮ್ಮು ಎಂದರು, ಇನ್ನೊಬ್ಬರು ವಯಸ್ಸು ಎಂದರು. ಮೆಟ್ಟಿಲ ಮೇಲೆ ನಡುನಡುವೆ ನಿಲ್ಲತೊಡಗಿದಳು. ಕೊನೆಗೆ ಕ್ಯಾಂಪಿನ ಎದೆರೋಗದ ಡಾಕ್ಟರಮ್ಮನ ಬಳಿ ಹೋದೆವು. ಅವರು ಎದೆಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿ, ಕೇಳಿದ್ದು ಒಂದೇ ಪ್ರಶ್ನೆ. “ಘರಾಜವಳ ಕಬುತರಂ ಆಹೇತ್ ಕಾ?” ಮನೆಯ ಹತ್ತಿರ ಪಾರಿವಾಳಗಳಿವೆಯೇ ಎಂದು. ಗೌರಾ ನನ್ನ ಮುಖ ನೋಡಿದಳು. ಹಿಕ್ಕೆ ಮತ್ತು ಪುಕ್ಕದ ಪುಡಿ ಉಸಿರಿನಲ್ಲಿ ಹೋಗಿ ಹೋಗಿ, ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ, ಪುಪ್ಪುಸವೇ ಅದರ ಮೇಲೆ ಜಗಳಕ್ಕೆ ನಿಂತು ಗಟ್ಟಿಯಾಗುತ್ತ ಹೋಗುತ್ತದೆ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಯಾರಿಗೆ ಆಗುತ್ತದೆ ಯಾರಿಗೆ ಇಲ್ಲ ಎಂದು ಮೊದಲೇ ಹೇಳಲಾಗುವುದಿಲ್ಲವಂತೆ. ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಗೌರಾ ಅದನ್ನು ನೋಡಿ ನನ್ನ ಕಡೆ ಬಾಗಿ, “ಹೀರಿಕಾಯಿ ಬಳ್ಳಿ ಮ್ಯಾಲ ಒಣಗಿದ್ರ ಒಳಗ ಹಿಂಗ ಆಗ್ತದ ನೋಡ್ರಿ” ಎಂದಳು. ಅಷ್ಟು ಮೆಲ್ಲಗೆ, ಅಡಿಗೆಮನೆಯ ಮಾತಿನಂತೆ.

ಆ ದಿನವೇ ಬಟ್ಟಲನ್ನು ತನ್ನ ಕೈಯಾರೆ ಬಿಚ್ಚಿದಳು. ಮರುದಿನದಿಂದ ಹಂಚಿದ ಬಟ್ಟಲುಗಳನ್ನು ಮರಳಿ ಕೇಳಲು ಹೊರಟಳು. ಒಂದು ಮಹಡಿ ಹತ್ತುವುದು, ಗೋಡೆ ಹಿಡಿದು ನಿಲ್ಲುವುದು, ಬಾಗಿಲು ಬಡಿಯುವುದು. “ಕಾಕು, ನೀವ ಕೊಟ್ಟು ನೀವ ಇಸ್ಕೋತೀರಿ? ದಾನಾ ಮಾಡಿದ್ದು ಹೊಳ್ಳಿ ಇಸ್ಕೊಂಡ್ರ ಮುಂದಿನ ಜನ್ಮಕ್ಕ ಏನಾಗಿ ಹುಟ್ಟತಾರ ಗೊತ್ತದ ಏನು?” ಎಂದು ಯಾರೋ ಚೇಷ್ಟೆ ಮಾಡಿದರಂತೆ. ಇನ್ನೊಬ್ಬರು ಮರಾಠಿಯಲ್ಲಿ, ಪುಣ್ಯದ ಕೆಲಸ ಅರ್ಧಕ್ಕೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದರು. ಬರಿಗೈಯಲ್ಲಿ ಬಂದು ಮಂಚದ ಮೇಲೆ ಕೂತಳು.

“ನಾ ಹೇಳಿದ್ರ ಯಾರು ಕೇಳ್ತಾರ್ರಿ? ಸಂಸ್ಥಾದವರು ಕೊಡು ಅಂದ್ರು ಅಂತ ಕೊಟ್ಟೆ. ಬ್ಯಾಡ ಅನ್ನೂದೂ ಸಂಸ್ಥಾದವರ ಬಾಯಿಲೇ ಬರಬೇಕು. ವಾರ್ಷಿಕ ಸಭಾದಾಗ ಎದ್ದು ನಿಂತು ಹೇಳ್ತೀನಿ.”

ಹೀಗೆ ನಾವು ನಿಮ್ಮ ಸಭೆಗೆ ಬಂದೆವು ಅಧ್ಯಕ್ಷರೇ. ನಿಮಗೆ ಅದು ಒಂದು ಭಾನುವಾರದ ಬೆಳಿಗ್ಗೆ. ನಮಗೆ ಅದು ತಿಂಗಳ ತಯಾರಿ. ಆಮ್ಲಜನಕದ ಸಿಲಿಂಡರನ್ನು ಗಾಲಿಯ ಮೇಲೆ ಎಳೆದುಕೊಂಡು ನಾನು, ಮೂಗಿಗೆ ನಳಿಕೆ ಹಾಕಿಕೊಂಡು ಇಳಕಲ್ ಸೀರೆ ಉಟ್ಟು ಅವಳು. ನಾನು ಸದಸ್ಯನಲ್ಲವಾದ್ದರಿಂದ ನನ್ನನ್ನು ಹಿಂದೆ, ನೀರಿನ ಕೂಲರಿನ ಪಕ್ಕ ಕೂರಿಸಿದಿರಿ. ಸರಿಯೇ, ನಿಯಮ ನಿಯಮವೇ. ನಿಯಮದ ಪ್ರಕಾರ ಕೋರಂ ಇರಲಿಲ್ಲ. ನಿಯಮದ ಪ್ರಕಾರ ನೀವು ಎದ್ದು ನಿಂತು ಸಭೆಯನ್ನು ಅರ್ಧ ಗಂಟೆ ಮುಂದೂಡಿದಿರಿ. ಎಲ್ಲರೂ ಹೊರಗೆ ಹೋಗಿ ಚಹಾ ಕುಡಿದು, ಅಷ್ಟೇ ಜನ, ಅದೇ ಕುರ್ಚಿಗಳಿಗೆ ಮರಳಿ ಬಂದು ಕೂತರು. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲವಂತೆ, ಆದ್ದರಿಂದ ಸಭೆ ಸಿಂಧು. ಬಟ್ಟೆ ಅಂಗಡಿಯಲ್ಲಿ ಮೀಟರು ಕಡಿಮೆ ಬಿದ್ದರೆ ಬಟ್ಟೆಯನ್ನು ಅರ್ಧ ಗಂಟೆ ಮಡಚಿಟ್ಟು ಮತ್ತೆ ಅಳೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಇದ್ದಿದ್ದರೆ ನಮ್ಮ ಮಾಲೀಕರು ಇನ್ನೂ ಮೇಲೆ ಬರುತ್ತಿದ್ದರು.

ಗೌರಾ ಮೊದಲಿಗೇ ಕೈ ಎತ್ತಿದ್ದಳು. ನೀವು ಬಹಳ ಮರ್ಯಾದೆಯಿಂದ, “ಕಡೀಕ ತಗೊಳ್ಳೂಣ್ರಿ ಗೌರಾಬಾಯಿ. ಅಧ್ಯಕ್ಷರ ಅಪ್ಪಣೆ ಮ್ಯಾಲ ಇತರ ವಿಷಯಾ ಅಂತ ಅದಕ್ಕಂತನ ಇಟ್ಟೇವಲ್ಲ” ಎಂದಿರಿ. ಅವಳು ಕೈ ಇಳಿಸಿದಳು. ವರದಿ ಓದಿದರು. ಲೆಕ್ಕಪತ್ರ ಮಂಜೂರಾಯಿತು. ಇದ್ದ ಸಮಿತಿಯೇ ಅವಿರೋಧವಾಗಿ ಮತ್ತೆ ಆರಿಸಿ ಬಂತು. ವರದಿಯಲ್ಲಿ ಒಂದು ಸಾಲಿತ್ತು, ನಾನು ಕೂಲರಿನ ಪಕ್ಕದಿಂದಲೇ ಕೇಳಿಸಿಕೊಂಡೆ: ನಗರದಲ್ಲಿ ಎಲ್ಲ ಹಕ್ಕಿಗಳೂ ಕಡಿಮೆಯಾಗುತ್ತಿವೆ, ಪಾರಿವಾಳ ಮತ್ತು ಕಾಗೆಯನ್ನು ಬಿಟ್ಟು. ಅದೇ ವರದಿಯ ಮುಂದಿನ ಪುಟದಲ್ಲಿ ಕಾಳಿನ ಅಭಿಯಾನ ಯಶಸ್ವಿ ಎಂದಿತ್ತು. ಎರಡು ಪುಟಗಳ ನಡುವೆ ಯಾರಿಗೂ ಕೆಮ್ಮು ಬರಲಿಲ್ಲ, ಅವಳೊಬ್ಬಳನ್ನು ಬಿಟ್ಟು.

ಕೊನೆಯ ವಿಷಯ ಬರುವ ಹೊತ್ತಿಗೆ ಊಟದ ವಾಸನೆ ಒಳಗೆ ಬಂದಿತ್ತು. ಗೌರಾ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದಳು. “ನಾವು” ಎಂದಳು. ಉಸಿರು ಎಳೆದುಕೊಂಡಳು. ಮತ್ತೆ “ನಾವು” ಎಂದಳು. ನೀವು ಕಾದಿರಿ, ಅದನ್ನು ಇಲ್ಲವೆನ್ನುವುದಿಲ್ಲ. ಸಭೆಯೂ ಕಾಯಿತು. ಆಗ ನಿಮ್ಮ ಕಾರ್ಯದರ್ಶಿ ಶ್ರದ್ಧಾ ನಿಮ್ಮ ಕಿವಿಯಲ್ಲಿ ಏನೋ ಹೇಳಿದರು. ನೀವು ಮೈಕಿನಲ್ಲಿ, “ಗೌರಾಬಾಯಿಯವರ ಭಾವನಾ ನಮಗೆಲ್ಲಾ ತಿಳದದ್ದ ಅದ. ಅವರು ಇಂಥಾ ತ್ರಾಸಿನ್ಯಾಗೂ ಬಂದದ್ದು ನಮಗ ಪ್ರೇರಣಾ” ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಡದ ಮಾತಿಗೆ ಚಪ್ಪಾಳೆ ಬಿದ್ದದ್ದನ್ನು ನಾನು ಅಂದೇ ಕಂಡದ್ದು. ಆಮೇಲೆ ಬಂದ ಸಭಾ ವರದಿಯಲ್ಲಿ ‘ಸಂಸ್ಥೆಯ ಕಾರ್ಯದ ಬಗ್ಗೆ ಸಂತೋಷ ವ್ಯಕ್ತಪಡಿಸಲಾಯಿತು’ ಎಂದಿತ್ತು. ಪ್ಯಾಸಿವ್ ವಾಯ್ಸ್. ಯಾರು ವ್ಯಕ್ತಪಡಿಸಿದರು ಎಂದು ಕೇಳುವ ಹಾಗಿಲ್ಲ. ಕಾಲೇಜಿನಲ್ಲಿ ಇದನ್ನು ಯಾಕೆ ಅಷ್ಟು ಒತ್ತಿ ಕಲಿಸುತ್ತಿದ್ದರೆಂದು ಅಂದು ತಿಳಿಯಿತು.

ರಿಕ್ಷಾದಲ್ಲಿ ಮನೆಗೆ ಹೊರಟೆವು. ಹಡಪಸರದ ಸೇತುವೆಯ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತಾಗ, “ಇನ್ನೊಂದೀಟು ಉಸಿರು ಇದ್ದಿದ್ರ ಹೇಳಿಬಿಡ್ತಿದ್ದೆ” ಎಂದಳು.

“ಏನಂತ ಹೇಳ್ತಿದ್ದಿ?”

“ನಾವು ತಪ್ಪು ಮಾಡೇವಿ ಅಂತ. ಅಷ್ಟ.”

ನೋಡಿ, ನೀವು ಎಂದು ಅವಳು ಅನ್ನಲಿಲ್ಲ. ಕೊನೆಯವರೆಗೂ ಸಂಸ್ಥೆಯ ಬಗ್ಗೆ ಆಡುವಾಗ ಅವಳಿಗೆ ‘ನಾವು’ ಎಂದೇ ಬರುತ್ತಿತ್ತು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಅವಳು ಹೋದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಪತ್ರಿಕೆಯ ವಿಷಯವಲ್ಲ.

ಈಗ ಕಾಗೆಗೆ ಬರುತ್ತೇನೆ. ಹತ್ತನೆಯ ದಿನ, ನದಿಯ ಘಾಟು. ಎಲೆಯ ಮೇಲೆ ಪಿಂಡ ಇಟ್ಟು ನಾವೆಲ್ಲ ಸುತ್ತ ನಿಂತೆವು. ಕಾಗೆಗಳು ಗೋಡೆಯ ಮೇಲೆ ಸಾಲಾಗಿ ಕೂತಿದ್ದವು, ಒಂದೂ ಇಳಿಯಲಿಲ್ಲ. ಹೋದವರ ಆಸೆ ಯಾವುದೋ ಉಳಿದಿದೆ, ಮಾತು ಕೊಡಿ ಎಂದರು ಭಟ್ಟರು. ಮೊದಲು ನನ್ನ ನಾದಿನಿ ಅಂಬಾಬಾಯಿ ಕೈಮುಗಿದಳು. “ಅಕ್ಕಾ, ಭಾವನ್ನ ನಾವು ನೋಡ್ಕೋತೀವಿ. ಊಟಕ್ಕ ಎಂದೂ ಕಡಿಮಿ ಮಾಡೂದಿಲ್ಲ, ಬಾರವಾ.” ಕಾಗೆ ಅಲುಗಲಿಲ್ಲ. “ಅವ್ವಾ, ಅಪ್ಪನ್ನ ನನ್ನ ಜೋಡಿ ಸೊಲ್ಲಾಪುರಕ್ಕ ಕರಕೊಂಡು ಹೋಗ್ತೀನಿ” ಎಂದಳು ರೇಣು. ಒಂದು ಕಾಗೆ ಬೆನ್ನು ತಿರುಗಿಸಿ ಕೂತಿತು. ಸೊಲ್ಲಾಪುರದ ಬಿಸಿಲು ನನಗಾಗದೆಂದು ಗೌರಾಗೆ ಗೊತ್ತಿತ್ತು. ಅವರ ನಡುವೆ ನಾನು ಯಾರೂ ಕೂಗದ ಹರಾಜಿನ ಸಾಮಾನಿನ ಹಾಗೆ ನಿಂತಿದ್ದೆ. ಹಿಂದೆ ಇನ್ನೊಂದು ಮನೆಯವರು ತಮ್ಮ ಪಿಂಡ ಹಿಡಿದು ಕಾಯುತ್ತಿದ್ದರು, ಭಟ್ಟರು ಗಡ್ಡ ಕೆರೆದುಕೊಂಡರು. ಆಗ ನಮ್ಮವರಲ್ಲೇ ಯಾರೋ, “ಆಕಿಗೆ ಹಕ್ಕಿ ಅಂದ್ರ ಜೀಂವ ಇತ್ತು, ಹಕ್ಕೀದೇನಾರ ಮಾತು ಕೊಡ್ರಿ” ಎಂದರು.

ನೀವು ಬೂಟು ಕಳಚಿ ಮುಂದೆ ಬಂದಿರಿ. “ಗೌರಾಬಾಯಿ, ನಿಮ್ಮ ಹೆಸರಿಲೆ ಹಕ್ಕಿಗೆ ಒಂದು ಕಾಳಿನ ಕಟ್ಟಿ ಕಟ್ಟಸ್ತೇವಿ. ಇದು ಸಂಸ್ಥಾದ ಮಾತು” ಎಂದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ. ಮಾತು ಮುಗಿಸಿ ನೀವು ಹೊರಟಿರಿ, ಎಲ್ಲೋ ಹೋಗುವುದಿತ್ತು. ಅಧ್ಯಕ್ಷರು ಹೊರಟರೆಂದು ಎಲ್ಲರೂ ನಿಮ್ಮನ್ನು ಕಳಿಸಲು ಮೆಟ್ಟಿಲವರೆಗೆ ಹೋದರು. ಮೊಣಕಾಲು ನೋವಿನ ನಾನೊಬ್ಬ ದೂರದ ಕಲ್ಲಿನ ಮೇಲೆ ಕೂತುಬಿಟ್ಟೆ. ಎಲೆ ಒಂಟಿಯಾಯಿತು. ಕಾಗೆ ಇಳಿದು ಬಂದು ಮುಟ್ಟಿತು. ಅತ್ತ ಮೆಟ್ಟಿಲ ಮೇಲೆ ಅಳು ಎದ್ದಿತು. ಅಂಬಾಬಾಯಿ ನಿಮ್ಮ ಕಾಲಿಗೆ ಬಿದ್ದಳು.

ಹಕ್ಕಿಗಳ ನಡತೆಯನ್ನು ನಮಗೆಲ್ಲ ಕಲಿಸಿದವರು ನೀವು. ಮನುಷ್ಯರು ಗುಂಪುಗಟ್ಟಿ ನಿಂತಲ್ಲಿ ಕಾಗೆ ಇಳಿಯದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ ಎಂದು ನಿಮ್ಮ ನಡಿಗೆಯಲ್ಲಿ ಹೇಳಿದವರು ನೀವೇ, ಗೌರಾ ಮನೆಗೆ ಬಂದು ನನಗೆ ಒಪ್ಪಿಸಿದ್ದಳು. ಹಾಗಿದ್ದೂ ನಿನ್ನೆ ಫೋನಿನಲ್ಲಿ ಆ ಕಾಗೆಯನ್ನು ಸಾಕ್ಷಿಗೆ ಕರೆಯುತ್ತೀರಲ್ಲ? ಕಾಗೆ ನಿಮ್ಮ ಮಾತಿಗೆ ಬರಲಿಲ್ಲ ಅಧ್ಯಕ್ಷರೇ. ನೀವು ಹೊರಟಿರೆಂದು ಬಂತು.

ಇದನ್ನು ಅಂದೇ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಹೇಳುತ್ತೇನೆ. ಪಿಂಡ ಮುಟ್ಟುವ ಮೊದಲು ಆ ಕಾಗೆ ತಲೆ ಓರೆ ಮಾಡಿ ನನ್ನ ಕಡೆ ನೋಡಿತು. ಅಂಗಡಿಯಿಂದ ತಡವಾಗಿ ಬಂದಾಗ ಬಾಗಿಲು ತೆರೆದು, ಬೈಯಬೇಕೋ ಬೇಡವೋ ಎಂದು ಗೌರಾ ನೋಡುತ್ತಿದ್ದಳಲ್ಲ, ಹಾಗೆ. ಒಂದು ವರ್ಷ ನಾನು ಆ ನೋಟದ ಮೇಲೆ ಬದುಕಿದ್ದೇನೆ. ಅದು ಅವಳೇ ಆಗಿದ್ದರೆ ನಿಮ್ಮ ಕಟ್ಟೆಗೂ ಅವಳು ಒಪ್ಪಿದ ಹಾಗೆ. ಕಟ್ಟೆಗೆ ಅವಳು ಒಪ್ಪಿಲ್ಲವೆಂದರೆ ಆ ದಿನ ಅಲ್ಲಿಗೆ ಅವಳು ಬಂದಿರಲೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಬಿಟ್ವೀನ್ ದಿ ಡೆವಿಲ್ ಅಂಡ್ ದಿ ಯಾವುದೋ ಒಂದು ಸಮುದ್ರ ಎನ್ನುತ್ತಾರಲ್ಲ. ನೀವು ಕಟ್ಟೆಗೆ ಇಟ್ಟಿಗೆ ಇಳಿಸಿದಾಗಲೂ ಕಿಟಕಿ ಮುಚ್ಚಿಕೊಂಡು ಕೂತಿದ್ದೆ.

ಹಾಗೆಯೇ ಕೂತಿರುತ್ತಿದ್ದೆನೇನೋ, ಭೀಮವ್ವ ಹೋದ ವಾರ ಪೇಢೆ ತರದಿದ್ದರೆ.

ಭೀಮವ್ವ ಯಾದಗಿರಿ ಕಡೆಯ ಹೆಣ್ಣುಮಗಳು. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ, ಇವಳು ನಮ್ಮ ಕಟ್ಟಡದ ಕಸ ಹೊಡೆಯುತ್ತಾಳೆ. ಗಚ್ಚಿಯ ಹಿಕ್ಕೆಯನ್ನು ಕೆರೆಯುವುದೂ ಅವಳೇ, ಡಕ್ಟಿನ ತಳ ತೊಳೆಯುವುದೂ ಅವಳೇ. ಗೌರಾ ಹಾಸಿಗೆ ಹಿಡಿದಾಗ ದಿನವೂ ಮೇಲೆ ಬಂದು, ಅವ್ವಾ ಎನ್ನುತ್ತ ತಲೆ ಬಾಚಿ ಹೋಗುತ್ತಿದ್ದಳು.

“ಕಾಕಾ, ಬಾಯಿ ಸಿಹಿ ಮಾಡ್ರಿ. ಶ್ರದ್ಧಾ ಮೇಡಂ ಅವರು ಕೆಲಸಾ ಕೊಟ್ಟಾರ. ಅವ್ವನ ಕಟ್ಟಿ ದಿನಾ ಮುಂಜಾನಿ ಕಸಾ ಹೊಡದು, ತಿಕ್ಕಿ ತೊಳದು ಇಡೂದು.”

ಇಷ್ಟು ಹೇಳುವುದರಲ್ಲಿ ಅವಳಿಗೆ ಕೆಮ್ಮು ಬಂತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆ ಹಿಡಿಯುವ ರೀತಿ ನನಗೆ ಗೊತ್ತು.

“ಈ ಕೆಮ್ಮು ಎಂದಿನಿಂದ ಅದ ಭೀಮವ್ವಾ?”

“ಅದೇನ್ರಿ, ಧೂಳಿಂದು. ಮಳಿ ಬಿದ್ದಾಗಿಂದ ಹಿಡದದ, ಬಿಸಲು ಬಿದ್ರ ಹೋಗ್ತದ.”

“ಕಟ್ಟಿ ಕೆಲಸಾ ಬ್ಯಾಡ ಅನ್ನು. ಬ್ಯಾರೆ ಯಾರರೆ ಮಾಡಲಿ.”

ಅವಳಿಗೆ ಸಿಟ್ಟು ಬಂತು. “ಬ್ಯಾರೆಯವ್ರು ಯಾಕ್ರಿ? ಬ್ಯಾರೆ ಕಟ್ಟಿ ಆಗಿದ್ರ ನಾ ಒಪ್ತಿದ್ದಿಲ್ಲ, ಮೊದಲ ಕೆಲಸಾ ಭಾಳ ಅದ. ನಮ್ಮ ಅವ್ವನ ಹೆಸರಿನ ಕಟ್ಟೀರಿ. ಅದನ್ನ ಬ್ಯಾರೆಯವ್ರ ಕೈಯಾಗ ಕೊಟ್ಟು ನಾ ನೋಡ್ಕೋತ ನಿಂದರ್ಲೇನು?”

ಪೇಢೆ ನನ್ನ ಕೈಯಲ್ಲೇ ಇತ್ತು. ಕೇಳಿದಿರಾ ಅಧ್ಯಕ್ಷರೇ? ಅವಳನ್ನು ಆ ಹಿಕ್ಕೆಯ ಕಡೆಗೆ ಕರೆಯುತ್ತಿರುವುದು ಬೇರೆ ಯಾವುದೂ ಅಲ್ಲ, ನನ್ನ ಹೆಂಡತಿಯ ಹೆಸರು. ಜಗಳವಾಡಿ, ಕಾಡಿ ಬೇಡಿ ಅವಳನ್ನು ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅದೇ ಪ್ರಶ್ನೆ ಕೇಳಿದರು. ಫಿಲ್ಮ್ ನೋಡಿ, ಇನ್ನೂ ಶುರುವಿದೆ, ಈಗಲೇ ಅದರಿಂದ ದೂರವಾದರೆ ಮೊದಲಿನ ಹಾಗೆ ಆಗಲೂಬಹುದು, ದೂರವಾಗದಿದ್ದರೆ ನಾನೇನೂ ಹೇಳಲಾರೆ ಎಂದರು. ಗೌರಾಗೆ ಇಂಥ ಮಾತನ್ನು ಯಾರೂ ಹೇಳುವಷ್ಟು ಹೊತ್ತು ಉಳಿದಿರಲಿಲ್ಲ. ಭೀಮವ್ವನಿಗೆ ಉಳಿದಿದೆ. ಇದನ್ನೇ ನಿನ್ನೆ ನಿಮಗೆ ಹೇಳಹೊರಟದ್ದು. “ಮಾಸ್ಕ್ ಕೊಡ್ತೇವ್ರಿ” ಎಂದಿರಿ. ಗಚ್ಚಿ ತೊಳೆಯಲು ನಮ್ಮ ಕಟ್ಟಡದವರೂ ಮಾಸ್ಕ್ ಕೊಟ್ಟಿದ್ದಾರೆ. ಅದನ್ನು ಅವಳು ಒಗೆದು, ಹಬ್ಬಕ್ಕೆಂದು ಇಟ್ಟುಕೊಂಡಿದ್ದಾಳೆ. ಆಮೇಲೆ ನೀವು ಕಾಗೆಯ ಮಾತೆತ್ತಿದಿರಿ.

ಆದ್ದರಿಂದ ನಾನು ಆರಿಸಿಕೊಂಡಿದ್ದೇನೆ. ಘಾಟಿನಲ್ಲಿ ಬಂದದ್ದು ಕಾಗೆ. ಹಸಿದ, ಶಾಣ್ಯಾ, ಬರೀ ಒಂದು ಕಾಗೆ. ಅವಳು ಬಂದಿರಲಿಲ್ಲ. ನಿಮ್ಮ ಸಂಸ್ಥೆ ಕೊಟ್ಟ ಮಾತಿನಿಂದ ಇವತ್ತು ನಿಮ್ಮನ್ನು ಬಿಡುಗಡೆ ಮಾಡುತ್ತಿದ್ದೇನೆ. ಮಾತು ತಪ್ಪಿದ ದೋಷ ನಿಮಗೆ ಬೇಡ, ನನಗಿರಲಿ.

ಇನ್ನು ಬೇಡಿಕೆ. ಭಾನುವಾರದ ಉದ್ಘಾಟನೆ ನಿಲ್ಲಿಸಿ. ಕಲ್ಲನ್ನು ಕೀಳಿಸಿ. ಒಡೆಯುವುದಾದರೆ ಒಡೆಯಿರಿ, ನನಗೆ ಕೊಡುವುದಾದರೆ ಒಯ್ಯುತ್ತೇನೆ, ಬಚ್ಚಲಲ್ಲಿ ಬಟ್ಟೆ ಒಗೆಯಲು ಬಂದೀತು. ಅವಳಿದ್ದರೆ ಅದನ್ನೇ ಮಾಡುತ್ತಿದ್ದಳು. ಬಟ್ಟಲು ಕೊಟ್ಟ ಮನೆಮನೆಗೂ ನಿಮ್ಮ ಸಂಸ್ಥೆಯ ಹೆಸರಿನಲ್ಲಿ, ದಯವಿಟ್ಟು ಪ್ಯಾಸಿವ್ ವಾಯ್ಸ್ ಇಲ್ಲದೆ, ನಾವು ತಪ್ಪು ಮಾಡಿದ್ದೇವೆ, ಪಾರಿವಾಳಗಳಿಗೆ ಕಾಳು ಹಾಕಬೇಡಿ ಎಂದು ತಿಳಿಸಿ. ಉಪಾಧ್ಯಕ್ಷರಿಗೆ ಬೇಸರವಾದರೆ ಆಗಲಿ, ಮನುಷ್ಯರೂ ಕಾಳು ತಿನ್ನುತ್ತಾರೆ, ಅವರ ಅಂಗಡಿ ನಡೆಯುತ್ತದೆ. ಅವಳ ನೆನಪಿಗೆ ಏನಾದರೂ ಆಗಲೇಬೇಕೆಂದು ನಿಮಗನಿಸಿದರೆ ಆ ಮೂಲೆಯಲ್ಲಿ ಒಂದು ಬೋರೆಹಣ್ಣಿನ ಗಿಡ ಹಚ್ಚಿ. ಮುಳ್ಳಿನ ನಡುವೆ ಗುಬ್ಬಿ ಕೂರುತ್ತದೆ, ಪಾರಿವಾಳ ಕೂರುವುದಿಲ್ಲ. ಹೆಸರಿನ ಹಲಗೆ ಬೇಡ. ಭೀಮವ್ವನಿಗೆ ಕೆಲಸ ಕೊಡುವ ಮನಸ್ಸು ನಿಜವಾಗಿಯೂ ಇದ್ದರೆ ನಿಮ್ಮ ಸಸಿಗಳ ತೋಟದಲ್ಲಿ ಕೊಡಿ, ತೆರೆದ ಗಾಳಿಯಲ್ಲಿ. ಅವಳು ನನ್ನ ಮಾತು ಕೇಳುವುದಿಲ್ಲ. ನೀವು ಅಧ್ಯಕ್ಷರು, ಕಟ್ಟೆಯೇ ಇಲ್ಲ ಎಂದು ನೀವು ಹೇಳಿದರೆ ಕೇಳಲೇಬೇಕು.

ಇನ್ನೂ ಹೇಳುವುದಿತ್ತು. ನಿಮ್ಮ ಚುನಾವಣೆಯ ವಿಷಯ ಒಂದಿತ್ತು, ಸದಸ್ಯರಲ್ಲದವರು ಎಲ್ಲಿ ಕೂರಬೇಕೆಂಬ ವಿಷಯ ಒಂದಿತ್ತು. ಆದರೆ ಬರೆದ ಸಾಲಿನ ಮೇಲೆಯೇ ಮತ್ತೆ ಬರೆಯುತ್ತಿದ್ದೇನೆಂದು ಈಗ ಕಂಡಿತು. ಬೆಳಕು ಹೋಗುತ್ತಿದೆ. ಎದ್ದು ದೀಪ ಹಾಕಿದರೆ ಇನ್ನೊಂದು ಪುಟವಾದರೂ ಆದೀತು. ಕೆಳಗೆ ಭೀಮವ್ವ ಅಂಗಳದ ನಳ ಬಂದ್ ಮಾಡಿ ಮನೆಗೆ ಹೊರಟಿದ್ದಾಳೆ. ಕೆಮ್ಮು ಗೇಟಿನವರೆಗೆ ಕೇಳಿಸುತ್ತಿದೆ. ಗೇಟು ದಾಟಿದ ಮೇಲೆ ರಸ್ತೆಯ ಗದ್ದಲದಲ್ಲಿ ಕೇಳುವುದಿಲ್ಲ.

ಇಂತಿ,
ಹೆಂಡತಿಯ ಪರವಾಗಿ, ಅವಳ ಅಪ್ಪಣೆಯಿಲ್ಲದೆ,
ಹಣಮಂತ್ರಾಯ